ಪ್ರಶ್ನೆ ಕೇಳುವವರು ಯಾರು? ಶಿಕ್ಷಕರ ಕ್ರಿಯಾ ಸಂಶೋಧನೆಯ ಚರಿತ್ರೆ

ಕೆಲಸ ಮಾಡುವವರೇ ತಮ್ಮ ಕೆಲಸವನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಕ್ರಿಯಾ ಸಂಶೋಧನೆಯ ಚರಿತ್ರೆಯನ್ನು ಕರ್ಟ್ ಲೆವಿನ್ ಅವರಿಂದ ಆರಂಭಿಸುವುದು ವಾಡಿಕೆ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ಈ ಮನೋವಿಜ್ಞಾನಿ 1946ರ ಲೇಖನವೊಂದರಲ್ಲಿ ಯೋಜನೆ, ಕಾರ್ಯ, ಪರಿಣಾಮದ ಪರಿಶೀಲನೆ, ಮತ್ತೆ ಯೋಜನೆ ಎಂಬ ಸುರುಳಿಯನ್ನು ವಿವರಿಸಿದರು. ಅಲ್ಲಿ ಅವರ ಕಾಳಜಿ ಶಾಲೆಯಲ್ಲ, ಅಲ್ಪಸಂಖ್ಯಾತರನ್ನು ಕುರಿತ ಪೂರ್ವಗ್ರಹ. ಮರುವರ್ಷವೇ ಅವರು ತೀರಿಕೊಂಡರು.

ಈ ವಿಧಾನವನ್ನು ಶಾಲೆಯೊಳಗೆ ನೆಲೆಗೊಳಿಸಿದವರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿ ಪ್ರಮುಖರು. ಹೊರಗಿನವರ ಸಂಶೋಧನೆಯನ್ನು ಓದಿ ಶಿಕ್ಷಕರು ತಮ್ಮ ಬೋಧನೆಯನ್ನು ಬದಲಿಸಿಕೊಳ್ಳುವುದು ಅಪರೂಪ, ಬದಲಾಗಬೇಕಾದವರೇ ಸಂಶೋಧನೆಗೆ ಇಳಿಯಬೇಕು ಎಂಬುದು 1953ರ ಅವರ ಗ್ರಂಥದ ವಾದ. ವಿರೋಧಕ್ಕೆ ತಡವಾಗಲಿಲ್ಲ. ಶಿಕ್ಷಕರಿಗೆ ಸಂಶೋಧನೆಯ ತರಬೇತಿಯೂ ಇಲ್ಲ, ಬಿಡುವೂ ಇಲ್ಲ ಎಂದು 1957ರಲ್ಲಿ ಹಾಡ್ಜ್‌ಕಿನ್ಸನ್ ಎಂಬವರು ಟೀಕಿಸಿದರು. ಟೀಕೆಯಲ್ಲಿ ಹುರುಳಿತ್ತು. ಆದರೆ ಪ್ರಯೋಗಾಲಯದ ಅಳತೆಗೋಲನ್ನೇ ತರಗತಿಗೂ ಹಿಡಿದದ್ದು ಅದರ ದೋಷ. ಕೋರಿಯವರೂ ಪ್ರಾಕ್ಕಲ್ಪನೆ, ಪುರಾವೆಗಳ ಭಾಷೆಯಲ್ಲೇ ಮಾತನಾಡುತ್ತಿದ್ದುದರಿಂದ ಆ ಅಳತೆಗೋಲನ್ನು ಪ್ರಶ್ನಿಸುವುದು ಸುಲಭವಿರಲಿಲ್ಲ. ಅರವತ್ತರ ದಶಕದಲ್ಲಿ ಸರ್ಕಾರದ ಹಣ ತಜ್ಞರ ಸಂಶೋಧನಾ ಕೇಂದ್ರಗಳತ್ತ ಹರಿದಾಗ ಅಮೆರಿಕದಲ್ಲಿ ಈ ಚಳವಳಿ ಸೊರಗಿತು.

ಅದು ಮತ್ತೆ ಚಿಗುರಿದ್ದು ಇಂಗ್ಲೆಂಡಿನಲ್ಲಿ, ಬೇರೆಯೇ ಒಂದು ಇಕ್ಕಟ್ಟಿನಿಂದ. ಶಾಲೆ ಬಿಡುವ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸುವ ಸಿದ್ಧತೆ ನಡೆದಿತ್ತು. ಓದಿನಲ್ಲಿ ಆಸಕ್ತಿಯಿಲ್ಲದ ಹದಿಹರೆಯದವರಿಗೆ ಇನ್ನೊಂದು ವರ್ಷ ಏನು ಕಲಿಸುವುದು? 1967ರಲ್ಲಿ ಲಾರೆನ್ಸ್ ಸ್ಟೆನ್‌ಹೌಸ್ ನೇತೃತ್ವದಲ್ಲಿ ಆರಂಭವಾದ ಮಾನವಿಕ ಪಠ್ಯಕ್ರಮ ಯೋಜನೆ ಯುದ್ಧ, ಕುಟುಂಬ, ಬಡತನದಂಥ ವಿವಾದಾಸ್ಪದ ವಿಷಯಗಳನ್ನೇ ಚರ್ಚೆಗೆ ತಂದಿತು. ಶಿಕ್ಷಕರು ತಮ್ಮ ಅಭಿಪ್ರಾಯ ಹೇರದೆ ತಟಸ್ಥ ಅಧ್ಯಕ್ಷರಂತೆ ಚರ್ಚೆ ನಡೆಸಬೇಕಿತ್ತು. ಇದು ಹೇಳಿದಷ್ಟು ಸುಲಭವಲ್ಲ. ಹಾಗಾಗಿ ತಮ್ಮ ತರಗತಿಯ ಧ್ವನಿಮುದ್ರಣವನ್ನು ತಾವೇ ಕೇಳಿ ಪರೀಕ್ಷಿಸಿಕೊಳ್ಳಲು ಅವರಿಗೆ ಪ್ರಶ್ನೆಗಳನ್ನು ಒದಗಿಸಲಾಯಿತು: ವಿದ್ಯಾರ್ಥಿಯ ಮಾತನ್ನು ಅರ್ಧಕ್ಕೇ ತಡೆಯುತ್ತೇನೆಯೇ? ಮೌನವನ್ನು ಸಹಿಸಲಾರದೆ ನಾನೇ ಮಾತು ತುಂಬುತ್ತೇನೆಯೇ? ಎಲ್ಲರೂ ಒಪ್ಪುತ್ತೀರಾ ಎಂದು ಒಮ್ಮತಕ್ಕೆ ಒತ್ತಾಯಿಸುತ್ತೇನೆಯೇ? ಪ್ರಾಕ್ಕಲ್ಪನೆಗಳ ಪಟ್ಟಿಗಿಂತ ಇಂಥ ಪ್ರಶ್ನೆಗಳು ಹೆಚ್ಚು ಕಠಿಣ ಎಂದು ನನ್ನ ಎಣಿಕೆ. ಇಲ್ಲಿ ಪರೀಕ್ಷೆಗೆ ಕೂರುವವರು ಶಿಕ್ಷಕರೇ.

ಈ ಯೋಜನೆಯಲ್ಲಿ ದುಡಿದ ಜಾನ್ ಎಲಿಯಟ್ ಅವರು ಕ್ಲೆಮ್ ಅಡೆಲ್‌ಮನ್ ಜೊತೆಗೂಡಿ 1973ರಿಂದ 75ರವರೆಗೆ ಫೋರ್ಡ್ ಬೋಧನಾ ಯೋಜನೆಯನ್ನು ನಡೆಸಿದರು. ಅನ್ವೇಷಣೆಯ ಮೂಲಕ ಕಲಿಸುತ್ತಿದ್ದೇವೆಂದು ನಂಬಿದ್ದ ಶಿಕ್ಷಕರ ಪಾಠಗಳನ್ನು ಮೂರು ಕಡೆಯಿಂದ ನೋಡಲಾಯಿತು. ಶಿಕ್ಷಕರ ಹೇಳಿಕೆ ಒಂದು, ವೀಕ್ಷಕರದು ಇನ್ನೊಂದು, ಮಕ್ಕಳದು ಮತ್ತೊಂದು. ಮೂರನ್ನೂ ಎದುರುಬದುರು ಇಟ್ಟಾಗ ನಂಬಿಕೆಗೂ ನಡೆಗೂ ಇದ್ದ ಅಂತರ ಕಾಣಿಸಿತು. ಮುಕ್ತವೆಂದು ಶಿಕ್ಷಕರು ಭಾವಿಸಿದ ಪ್ರಶ್ನೆಯನ್ನು, ಅವರ ಮನಸ್ಸಿನಲ್ಲಿರುವ ಉತ್ತರವನ್ನು ಊಹಿಸುವ ಆಟವೆಂದು ಮಕ್ಕಳು ಅರ್ಥಮಾಡಿಕೊಳ್ಳಬಹುದು. ಅಂಕಪಟ್ಟಿಯಲ್ಲಿ ಇದು ಎಂದೂ ಸಿಗುವುದಿಲ್ಲ.

ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಸ್ಟೀಫನ್ ಕೆಮ್ಮಿಸ್ ಮುಂದೆ ಕ್ರಿಯಾ ಸಂಶೋಧನೆಗೆ ರಾಜಕೀಯ ಅಂಚು ಕೊಟ್ಟರು. ವಿಲ್ಫ್ರೆಡ್ ಕಾರ್ ಜೊತೆ ಅವರು 1986ರಲ್ಲಿ ಬರೆದ ಗ್ರಂಥ, ತರಗತಿಯ ಕೊರತೆಗಳ ಹಿಂದಿರುವ ವ್ಯವಸ್ಥೆಯನ್ನೂ ಶಿಕ್ಷಕರು ಪ್ರಶ್ನಿಸಬೇಕೆಂದಿತು.

ಅದೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಭಾರತದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಹುಟ್ಟಿದವು. ಕ್ರಿಯಾ ಸಂಶೋಧನೆ ಈ ಡಯಟ್‌ಗಳ ಕೆಲಸಗಳಲ್ಲೊಂದಾಯಿತು. ಕರ್ನಾಟಕದ ಬಿ.ಇಡಿ. ಪ್ರಶಿಕ್ಷಣಾರ್ಥಿಗಳಿಗೂ ಈ ಪದ ಚಿರಪರಿಚಿತ. ಆದರೆ ಇಲ್ಲಿ ಬೇರುಬಿಟ್ಟದ್ದು ಬಹುಪಾಲು ಕೋರಿಯವರ ಮಾದರಿ: ಸಮಸ್ಯೆಯ ಆಯ್ಕೆ, ಕಾರಣಗಳ ಪಟ್ಟಿ, ಕ್ರಿಯಾ ಪ್ರಾಕ್ಕಲ್ಪನೆ, ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ. ಒತ್ತಕ್ಷರ ತಪ್ಪು ಬರೆಯುವ ಮಕ್ಕಳು, ಭಾಗಾಕಾರದಲ್ಲಿ ಎಡವುವ ಮಕ್ಕಳು ಇಂಥ ವರದಿಗಳಿಗೆ ಒಗ್ಗುವ ವಿಷಯಗಳು. ಇವು ನಿಜವಾದ ಸಮಸ್ಯೆಗಳೇ ಹೌದು, ಈ ವಿಧಾನದಿಂದ ಎಷ್ಟೋ ಮಕ್ಕಳಿಗೆ ಉಪಕಾರವೂ ಆದೀತು. ಆದರೂ ಈ ಚೌಕಟ್ಟಿನಲ್ಲಿ ಕೊರತೆ ಮಗುವಿನದು, ಪರಿಹಾರ ಶಿಕ್ಷಕರದು ಎಂಬ ಹಂಚಿಕೆ ಮೊದಲೇ ಆಗಿರುತ್ತದೆ. ಎಲಿಯಟ್ ತಂಡ ಕೂಡಿಸಿದ ಮೂರನೆಯ ಹೇಳಿಕೆಗೆ, ಅಂದರೆ ಪಾಠದ ಬಗ್ಗೆ ಮಕ್ಕಳು ಹೇಳುವ ಮಾತಿಗೆ, ಅದರಲ್ಲಿ ಅಂಕಣವಿಲ್ಲ.