ಸುರ್ಮಾದ ಸೀಸ

ದೀಪದ ಮಸಿಯಿಂದಾದುದು ಕಾಡಿಗೆ. ಅದಿರನ್ನು ಅರೆದು ಮಾಡಿದುದು ಸುರ್ಮಾ. ಕನ್ನಡವೂ ಉರ್ದುವೂ ಕೂಡಿ ಬಾಳುವ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳಲ್ಲಿ ಎರಡು ಹೆಸರೂ ಪರಿಚಿತ. ವಸ್ತುಭೇದವನ್ನು ಮಾತ್ರ ಮರೆಯುತ್ತೇವೆ. ಸುರ್ಮಾ ಆಂಟಿಮನಿಯದೆಂದು ಪ್ರತೀತಿ. ಪರೀಕ್ಷೆಗೊಳಗಾದ ಅನೇಕ ಮಾದರಿಗಳಲ್ಲಿ ಕಂಡುದು ಸೀಸದ ಅದಿರು. ಪ್ರಾಚೀನ ಈಜಿಪ್ತಿನವರು ಕಣ್ಣಿಗೆ ತೀಡಿಕೊಂಡುದೂ ಬಹುಮಟ್ಟಿಗೆ ಅದನ್ನೇ.

ಕಣ್ಣುಜ್ಜಿದ ಬೆರಳನ್ನು ಮಗು ಚೀಪಿದಾಗ ಸೀಸವು ಹೊಟ್ಟೆಯ ಮೂಲಕ ರಕ್ತಕ್ಕೆ ಸೇರುತ್ತದೆ. ವಿಷವೇರಿದರೆ ಮಿದುಳು ಬಾತು, ದೃಷ್ಟಿನರ ನಲುಗಿ, ನೋಟ ಮಂಕಾಗುವುದುಂಟು. ಕಣ್ಣಿನ ಕಾಂತಿಗೆಂದು ಹಚ್ಚಿದುದರ ಫಲವಿದು!

ಮದ್ದೇ ಕಣ್ಣು ಕಳೆದುದೂ ಇತಿಹಾಸದಲ್ಲಿದೆ: 1906-07ರಲ್ಲಿ ರಾಬರ್ಟ್ ಕಾಕ್ ಪೂರ್ವ ಆಫ್ರಿಕದಲ್ಲಿ ನಿದ್ರಾರೋಗಕ್ಕೆ ಪಾಷಾಣಯುಕ್ತ ಅಟಾಕ್ಸಿಲ್ ಚುಚ್ಚಿದಾಗ ಕೆಲವು ರೋಗಿಗಳು ಶಾಶ್ವತವಾಗಿ ಕುರುಡರಾದರು.

ಸಂತೆಯ ಸುರ್ಮಾವನ್ನು ನೋಡಿ ನಿರ್ಣಯಿಸಲಾಗದು. ಆಂಟಿಮನಿಯ ಅದಿರೂ ಸೀಸದ ಅದಿರೂ ಅರೆದ ಮೇಲೆ ಒಂದೇ ಕಪ್ಪು.