ತುಕ್ಕು ಹಿಡಿದ ಬೋಲ್ಟ್ ಮತ್ತು ಯಾರೂ ಬರೆಯದ ಚರಿತ್ರೆ

2005ರ ಜುಲೈ 26. ಮುಂಬಯಿಯಲ್ಲಿ ಆಗ ಇದ್ದವರು ಯಾರೂ ಆ ದಿನವನ್ನು ಮರೆಯಲಾರರು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಉಕ್ಕಿ ಕುರ್ಲಾದ ಗಲ್ಲಿಗಳಿಗೆ ನುಗ್ಗಿತು. ನಮ್ಮ ಅಬ್ಬನ ಪದ್ಮಿನಿ ಟ್ಯಾಕ್ಸಿ ಎರಡು ದಿನ ಕೆಸರು ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಅದನ್ನು ತಳ್ಳಿಕೊಂಡು ನಮ್ಮ ಗಲ್ಲಿಯ ಕೊನೆಯ ಗ್ಯಾರೇಜಿಗೆ ತಂದೆವು. ಅಲ್ಲಿದ್ದ ಮಿಸ್ತ್ರಿಯನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಿದ್ದರು. ಆಗ ನಾನು ಹತ್ತನೇ ಕ್ಲಾಸು. ಶಾಲೆಗೆ ರಜೆ ಇದ್ದದ್ದರಿಂದ ಉಸ್ತಾದರ ಕೈಕೆಳಗೆ ಪಾನಾ ಹಿಡಿದು ಕೂತೆ.

ಗ್ಯಾರೇಜಿನಲ್ಲಿ ಅಂಥದ್ದೇ ಹತ್ತಾರು ಗಾಡಿ. ನಮ್ಮದರ ಸೈಲೆನ್ಸರ್ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮ್ಯಾನಿಫೋಲ್ಡ್‌ಗೆ ಪೈಪು ಸೇರುವಲ್ಲಿ ಇದ್ದ ನಟ್‌ಗಳು ವರ್ಷಗಟ್ಟಲೆ ಎಂಜಿನ್ ಬಿಸಿ ತಿಂದು, ಸಮುದ್ರದ ಉಪ್ಪುಗಾಳಿ ಕುಡಿದು, ಕಡೆಗೆ ನೆರೆನೀರಿನಲ್ಲಿ ನೆನೆದು ಕಂದು ಗಡ್ಡೆಗಳಾಗಿದ್ದವು. ಉಸ್ತಾದ್ ಎಣ್ಣೆ ಹಾಕಿ, "ನಾಳೆ ನೋಡೋಣ ಬೇಟಾ, ಇವತ್ತು ಮುಟ್ಟಬೇಡ" ಅಂದರು. ಅವರು ನಮಾಜಿಗೆ ಹೋದ ಹೊತ್ತಿನಲ್ಲಿ ನಾನು ಮುಟ್ಟಿದೆ. 13ರ ಪಾನಾ ಹಾಕಿದೆ, ಜಾರಿತು. ಮತ್ತೆ ಹಾಕಿದೆ, ನಟ್‌ನ ಮೂಲೆಗಳು ಸವೆದು ಗುಂಡಗಾದವು. ಪ್ಲೈಯರಿನಲ್ಲಿ ಗಟ್ಟಿಯಾಗಿ ಹಿಡಿದು, ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಜೋತುಬಿದ್ದೆ. 'ಟಕ್' ಅಂತು. ಬಿಚ್ಚಿಕೊಂಡಿತು ಅಂತ ಖುಷಿಪಟ್ಟೆ. ನೋಡಿದರೆ ನಟ್‌ನ ಜೊತೆ ಅರ್ಧ ಸ್ಟಡ್ಡೂ ಮುರಿದು ಕೈಗೆ ಬಂದಿತ್ತು.

ಉಸ್ತಾದ್ ಬೈಯಲಿಲ್ಲ. ಮುರಿದ ತುಂಡನ್ನು ಬೆಳಕಿಗೆ ಹಿಡಿದು, "ಇದು ಇಂಚಿನದು. ಯಾರೋ ಮೊದಲು ಅಂಬಾಸಿಡರ್ ಸಾಮಾನು ಕೂರಿಸಿದ್ದಾರೆ" ಅಂದರು. ಆ ಒಂದು ಮಾತು ನನಗೆ ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ಅದರ ಹಿಂದೆ ಇನ್ನೂರು ವರ್ಷದ ಚರಿತ್ರೆ ಇದೆ.

ಒಂದು ಕಾಲದಲ್ಲಿ ಪ್ರತಿಯೊಂದು ಬೋಲ್ಟಿಗೂ ಅದರದೇ ನಟ್ ಮಾತ್ರ ಹೊಂದುತ್ತಿತ್ತು. ಒಂದರದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. 1800ರ ಆಸುಪಾಸಿನಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್‌ಲಿ ಒಂದೇ ಅಳತೆಯ ಥ್ರೆಡ್ ಮತ್ತೆ ಮತ್ತೆ ಕೊರೆಯಬಲ್ಲ ಲೇತ್ ಕಟ್ಟಿದ. ಅವನ ಕಾರ್ಖಾನೆಯಲ್ಲಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಇಡೀ ದೇಶಕ್ಕೆ ಒಂದೇ ಥ್ರೆಡ್ ಇರಲಿ ಎಂದು ಸೂಚಿಸಿದ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. ಬ್ರಿಟನ್ನಿನ ರೈಲ್ವೆ ಕಂಪನಿಗಳು ಅದನ್ನು ಒಪ್ಪಿಕೊಂಡವು. ಅಲ್ಲಿಂದ ಅದು ಬ್ರಿಟಿಷರ ಯಂತ್ರಗಳ ಜೊತೆ ನಮ್ಮ ದೇಶಕ್ಕೂ ಬಂತು. ಅಮೆರಿಕದಲ್ಲಿ 1864ರಲ್ಲಿ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೊಂದು ಥ್ರೆಡ್ ಮುಂದಿಟ್ಟ. ಯುರೋಪಿನವರು 1898ರಲ್ಲಿ ಜೂರಿಕ್‌ನಲ್ಲಿ ಸೇರಿ ಮಿಲಿಮೀಟರ್ ಥ್ರೆಡ್ ಗೊತ್ತುಮಾಡಿದರು. ಹೀಗೆ ಮೂರು ದಾರಿ ಆಯಿತು.

ಎರಡನೇ ಮಹಾಯುದ್ಧದಲ್ಲಿ ಇದರ ಬಿಸಿ ಮುಟ್ಟಿತು. ಅಮೆರಿಕ ಮತ್ತು ಬ್ರಿಟನ್ ಒಂದೇ ಪಕ್ಷದಲ್ಲಿ ಹೋರಾಡುತ್ತಿದ್ದರೂ ಒಬ್ಬರ ಬೋಲ್ಟು ಇನ್ನೊಬ್ಬರ ಯಂತ್ರಕ್ಕೆ ಆಗುತ್ತಿರಲಿಲ್ಲ. ಪಾಠ ಕಲಿತು 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂಡಿ ಯುನಿಫೈಡ್ ಥ್ರೆಡ್ ಒಪ್ಪಿದವು. ಅದೂ ಇಂಚಿನ ಲೆಕ್ಕವೇ.

ಈಗ ನಮ್ಮ ರಸ್ತೆಗೆ ಬನ್ನಿ. ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಸಂತಾನ, ಹಾಗಾಗಿ ಇಂಚಿನ ಗಾಡಿ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಪದ್ಮಿನಿ ಇಟಲಿಯ ಫಿಯೆಟ್ 1100ರ ಸಂತಾನ, ಹಾಗಾಗಿ ಮಿಲಿಮೀಟರ್ ಗಾಡಿ. 1956ರ ಕಾನೂನಿನ ಮೂಲಕ ಸರ್ಕಾರ ಮೆಟ್ರಿಕ್ ಅಳತೆ ತಂದಿತು ನಿಜ. ಆದರೆ ರಸ್ತೆಯ ಮೇಲಿದ್ದ ಅಂಬಾಸಿಡರ್ ಕಾನೂನು ಓದಿ ತನ್ನ ಬೋಲ್ಟ್ ಬದಲಿಸಿಕೊಳ್ಳುತ್ತದೆಯೇ? ಆದ್ದರಿಂದ ದೇಶದ ಪ್ರತಿ ಮಿಸ್ತ್ರಿಯ ಹತ್ತಿರ ಎರಡು ಡಬ್ಬಿ ಪಾನಾ ಇರಬೇಕಾಯಿತು.

ಮಿಸ್ತ್ರಿಯ ಜಾಣತನ ಆ ಎರಡು ಡಬ್ಬಿಗಳ ನಡುವೆ ಇತ್ತು. ಮುಕ್ಕಾಲು ಇಂಚು ಅಂದರೆ 19.05 ಮಿಲಿಮೀಟರ್. ಅಲ್ಲಿ 19ರ ಪಾನಾ ಹೆಚ್ಚುಕಡಿಮೆ ನಡೆಯುತ್ತದೆ. ಅರ್ಧ ಇಂಚು ಅಂದರೆ 12.7. ಅದಕ್ಕೆ 13ರ ಪಾನಾ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಆದರೆ 0.3 ಮಿಲಿಮೀಟರ್ ಸಡಿಲ. ಹೊಸ ನಟ್ ಆದರೆ ಹೇಗೋ ತಡೆದೀತು. ತುಕ್ಕು ಹಿಡಿದ ನಟ್‌ನಲ್ಲಿ ಅಷ್ಟೇ ಸಡಿಲ ಸಾಕು, ಮೂಲೆಗಳು ಸವೆದು ಹೋಗುತ್ತವೆ. ನಾನು ಮಾಡಿದ್ದು ಅದೇ.

ತುಕ್ಕು ಯಾಕೆ ಅಷ್ಟು ಗಟ್ಟಿ ಹಿಡಿಯುತ್ತದೆ? ಕಬ್ಬಿಣ ನೀರು ಮತ್ತು ಗಾಳಿಯ ಜೊತೆ ಸೇರಿ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ನಟ್ ಮತ್ತು ಬೋಲ್ಟ್ ನಡುವೆ ಇರುವುದೇ ಕೂದಲೆಳೆಯಷ್ಟು ಸಂದು. ಅಲ್ಲಿ ತುಕ್ಕು ಉಬ್ಬಿ ಬೆಣೆ ಹೊಡೆದ ಹಾಗೆ ಕೂರುತ್ತದೆ. ಉಪ್ಪು ಸೇರಿದರೆ ಈ ಕೆಲಸ ಇನ್ನೂ ಜೋರು. ಮುಂಬಯಿ, ಚೆನ್ನೈ, ಮಂಗಳೂರಿನ ಗಾಡಿಗಳು ಪುಣೆ, ದಿಲ್ಲಿಯ ಗಾಡಿಗಳಿಗಿಂತ ಬೇಗ ಹಾಳಾಗುವುದು ಇದಕ್ಕೇ. ಅಂದಮೇಲೆ ಬಿಚ್ಚಬೇಕಾದವನ ನಿಜವಾದ ಎದುರಾಳಿ ಬೋಲ್ಟ್ ಅಲ್ಲ, ಆ ಬೆಣೆ. ಬಲ ಹಾಕಿದರೆ ಬೆಣೆ ಬಿಡುವುದಿಲ್ಲ, ಬೋಲ್ಟ್ ಮುರಿಯುತ್ತದೆ.

ಉಸ್ತಾದ್ ಮರುದಿನ ಉಳಿದ ನಟ್ ಬಿಚ್ಚಿದ ಕ್ರಮ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ತಂತಿ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿದರು. ಅವರು ಥ್ರೆಡ್ ಅನ್ನುತ್ತಿರಲಿಲ್ಲ, 'ಚೂಡಿ' ಅನ್ನುತ್ತಿದ್ದರು, ಬಳೆ ಅಂತ. ಮೇಲೆ ಎಣ್ಣೆ ಬಿಟ್ಟರು. ತೆಳು ಎಣ್ಣೆ ಸಣ್ಣ ಸಂದಿನೊಳಗೆ ತಾನಾಗಿ ಏರಿ ಹೋಗುತ್ತದೆ, ದೀಪದ ಬತ್ತಿಯಲ್ಲಿ ಏರಿದ ಹಾಗೆ. ಅದಕ್ಕೆ ಹೊತ್ತು ಬೇಕು, ಒಂದು ರಾತ್ರಿಯಾದರೂ. ಆಮೇಲೆ ಸಣ್ಣ ಸುತ್ತಿಗೆಯಿಂದ ನಟ್‌ನ ಸುತ್ತ ಮೆಲ್ಲಗೆ ತಟ್ಟಿದರು. ತುಕ್ಕು ಬಿರುಕು ಬಿಟ್ಟರೆ ಎಣ್ಣೆಗೆ ದಾರಿ. ಆಮೇಲೆ ಸರಿಯಾದ ಅಳತೆಯ ರಿಂಗ್ ಪಾನಾ ಹಾಕಿ, ಬಿಚ್ಚುವ ಕಡೆಗಲ್ಲ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಎಳೆಯಷ್ಟು ತಿರುಗಿಸಿದರು! ತುಕ್ಕಿನ ಹಿಡಿತ ತಪ್ಪಿತು. ಅಲ್ಲಿಂದ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ಮತ್ತೆ ಎಣ್ಣೆ. ಕಾಲು ಗಂಟೆಯಲ್ಲಿ ನಟ್ ಕೈಬೆರಳಿಗೆ ಬಂತು.

ಅದೂ ಆಗದಿದ್ದರೆ ಬೆಂಕಿ. ನಟ್ ಮಾತ್ರ ಕಾಯಿಸಿದರೆ ಅದು ಹಿಗ್ಗುತ್ತದೆ, ಆರುವಾಗ ತುಕ್ಕಿನ ಪದರ ಒಡೆಯುತ್ತದೆ. ಆಕ್ಸಿಜನ್ ಮತ್ತು ಅಸಿಟಿಲೀನ್ ಸೇರಿಸಿ ಉರಿಸುವ ಟಾರ್ಚ್ 1903ರ ಹೊತ್ತಿಗೆ ಫ್ರಾನ್ಸಿನಲ್ಲಿ ತಯಾರಾಯಿತು. ಗ್ಯಾಸ್ ವೆಲ್ಡಿಂಗಿನ ಆ ನೀಲಿ ಜ್ವಾಲೆ ನಮ್ಮ ಗ್ಯಾರೇಜುಗಳಿಗೆ ಬಂದದ್ದು ಅಲ್ಲಿಂದ. ಆದರೆ ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪಿನ ಹತ್ತಿರ ಉಸ್ತಾದ್ ಎಂದೂ ಬೆಂಕಿ ಹಚ್ಚುತ್ತಿರಲಿಲ್ಲ. ಕಾದ ಲೋಹದ ಮೇಲೆ ಎಣ್ಣೆ ಸಿಂಪಡಿಸಲೂ ಬಿಡುತ್ತಿರಲಿಲ್ಲ.

ಇವತ್ತು ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಸ್ಪ್ರೇಗೂ ಒಂದು ಕಥೆ ಇದೆ. 1953ರಲ್ಲಿ ಅಮೆರಿಕದ ಸಾನ್ ಡಿಯಾಗೊ ಊರಿನಲ್ಲಿ ರಾಕೆಟ್ ಕೆಮಿಕಲ್ ಕಂಪನಿ ಅದನ್ನು ತಯಾರಿಸಿತು. ಹೆಸರಿನ ಅರ್ಥ 'ನೀರನ್ನು ಹೊರದಬ್ಬುವುದು, ನಲವತ್ತನೇ ಪ್ರಯತ್ನ'. ಅದು ಮೊದಲು ಬಳಕೆಯಾದದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಬಾರದಿರಲಿ ಅಂತ. ಅಣುಬಾಂಬು ಹೊರುವ ಕ್ಷಿಪಣಿಗೆ ಹುಟ್ಟಿದ ಎಣ್ಣೆ ಕೊನೆಗೆ ಬಡವನ ಸ್ಕೂಟರಿನ ನಟ್‌ಗೆ ಬಂತು. ಉಸ್ತಾದರ ಹತ್ತಿರ ಅದೂ ಇರಲಿಲ್ಲ. ಸೀಮೆಎಣ್ಣೆ, ಡೀಸೆಲ್, ಹಳೇ ಬ್ರೇಕ್ ಆಯಿಲ್, ಇಷ್ಟೇ.

ನಾನು ಮುರಿದ ಸ್ಟಡ್ಡಿನ ಕಥೆ ಇಷ್ಟು: ಮ್ಯಾನಿಫೋಲ್ಡನ್ನೇ ಕಳಚಿ, ಒಳಗೆ ಉಳಿದ ತುಂಡಿನ ನಟ್ಟನಡುವೆ ಪಂಚ್ ಮಾಡಿ, ಡ್ರಿಲ್ ಹಾಕಿ, ಹೊಸ ಥ್ರೆಡ್ ಕೊರೆಯಬೇಕಾಯಿತು. ಒಂದು ಕೂದಲಷ್ಟು ಪಕ್ಕಕ್ಕೆ ಹೋಗಿದ್ದರೂ ಮ್ಯಾನಿಫೋಲ್ಡ್ ಗುಜರಿಗೆ. ಮೂರು ದಿನ ಹೆಚ್ಚು ಹಿಡಿಯಿತು. ಅದಾಗಲೇ ಎರಡು ವಾರದಿಂದ ಮನೆಯಲ್ಲಿ ದುಡಿಮೆ ಇರಲಿಲ್ಲ. ಆ ಮೂರು ದಿನ ಅಬ್ಬ ನನಗೆ ಏನೂ ಅನ್ನಲಿಲ್ಲ. ಅಮ್ಮಿ ಕಿರಾಣಿ ಅಂಗಡಿಯ ಸಾಲದ ಪುಸ್ತಕ ನನ್ನ ಕೈಗೇ ಕೊಟ್ಟು ಕಳಿಸುತ್ತಿದ್ದಳು. ಅಷ್ಟೇ ಸಾಕಾಗಿತ್ತು. ಉಸ್ತಾದ್ ಆ ಮೂರು ದಿನದ ಮಜೂರಿ ತೆಗೆದುಕೊಳ್ಳಲಿಲ್ಲ. "ಹುಡುಗ ಕಲಿತ, ಅದೇ ಫೀಸು" ಅಂದರು.

ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೇ ಮುಗಿದಿತ್ತು. ಅಂಬಾಸಿಡರ್ 2014ರಲ್ಲಿ ನಿಂತಿತು. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಇಳಿಯಿತು. ಪತ್ರಿಕೆಗಳು ಫೋಟೋ ಹಾಕಿ ಬೀಳ್ಕೊಟ್ಟವು. ಒಳ್ಳೆಯದೇ. ಆದರೆ ಅರವತ್ತು ವರ್ಷ ಆ ಗಾಡಿಗಳನ್ನು ಓಡಿಸಿದ ಕೈಗಳ ಬಗ್ಗೆ ಯಾರು ಬರೆದರು?

ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯಲ್ಲಿ, ನಮ್ಮ ಸಮುದಾಯದವರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲೇ ಹೆಚ್ಚು ಇದ್ದಾರೆ ಅಂತ ಲೆಕ್ಕ ಇದೆ. ಆ ಲೆಕ್ಕದ ಒಳಗೆ ಇರುವವರು ಇವರೇ. ಮುಂಬಯಿಯ ಚೋರ್ ಬಜಾರ್, ಚೆನ್ನೈನ ಪುದುಪೇಟೆ, ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲು, ಎಲ್ಲಿ ಹೋದರೂ ಇಂಥ ಉಸ್ತಾದ್, ಇಂಥ ಶಾಗಿರ್ದ್ ಸಿಗುತ್ತಾರೆ. ಮಾಡ್ಸ್‌ಲಿಯ ಹತ್ತಿರ ವಿಟ್‌ವರ್ತ್ ಕಲಿತದ್ದೂ ಹೀಗೆಯೇ, ಕೈಯಿಂದ ಕೈಗೆ. ವ್ಯತ್ಯಾಸ ಇಷ್ಟೇ. ಅವರದ್ದು ಕಾಗದದ ಮೇಲೆ ಬಂತು, ಚರಿತ್ರೆ ಆಯಿತು. ನಮ್ಮವರದ್ದು ಎಣ್ಣೆ ಒರೆಸಿದ ಬಟ್ಟೆಯ ಜೊತೆ ಹೊರಗೆ ಬಿತ್ತು. ನಾವೂ ಚರಿತ್ರೆ ಅಂದರೆ ಸುಲ್ತಾನರು, ನವಾಬರು ಅಂತಲೇ ತಿಳಿದು ಕೂತಿದ್ದೇವೆ.

ಉಸ್ತಾದರ ಗ್ಯಾರೇಜ್ ಈಗ ಇಲ್ಲ. ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅವರ ಮಗ ಇಂಚಿನ ಡಬ್ಬಿಯನ್ನು ತೂಕಕ್ಕೆ ಹಾಕಲು ಹೊರಟಾಗ ನಾನು ಕೇಳಿ ತಂದೆ. ಅದರಲ್ಲಿ ಅರ್ಧ ಇಂಚಿನ ರಿಂಗ್ ಪಾನಾ ಇದೆ. ಆ ದಿನ ನನ್ನ ಕೈಗೆ ಸಿಗಬೇಕಾಗಿದ್ದದ್ದು ಅದೇ.

ಇದನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮನೆಯಲ್ಲೋ ಗಲ್ಲಿಯಲ್ಲೋ ಇಂಥ ಒಬ್ಬ ಅಬ್ಬ, ಚಾಚಾ, ಮಾಮು ಇದ್ದೇ ಇರುತ್ತಾರೆ. ಕೈಯಲ್ಲಿ ಫೋನ್ ಇದೆಯಲ್ಲ, ಈ ಭಾನುವಾರ ಅವರ ಹತ್ತಿರ ಕೂತು ರೆಕಾರ್ಡ್ ಮಾಡಿಕೊಳ್ಳಿ. ಯಾವ ಊರಿನಿಂದ ಬಂದಿರಿ, ಯಾರ ಹತ್ತಿರ ಕಲಿತಿರಿ, ತುಕ್ಕು ಹಿಡಿದ ಬೋಲ್ಟ್ ಹೇಗೆ ಬಿಚ್ಚುತ್ತಿದ್ದಿರಿ ಅಂತ ಕೇಳಿ. ಮೊದಮೊದಲು "ಅದರಲ್ಲಿ ಏನಿದೆ ಹೇಳೋಕೆ" ಅನ್ನುತ್ತಾರೆ. ಎದ್ದು ಬರಬೇಡಿ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಆಮೇಲೆ ಅವರೇ ಶುರು ಮಾಡುತ್ತಾರೆ.