ಜ್ವರ ಬಿಟ್ಟರೂ ಬಿಡದ ದಣಿವು

2006ರಲ್ಲಿ ಕರ್ನಾಟಕದ ಉದ್ದಗಲಕ್ಕೂ ಹರಡಿದ ಚಿಕುನ್‌ಗುನ್ಯಾ ನಿಮಗೆ ನೆನಪಿದೆಯೇ? ವಿದ್ಯಾರ್ಥಿಗಳಾಗಿದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿ. ಆ ವರ್ಷ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಜ್ವರವೇನೋ ಕೆಲವೇ ದಿನಗಳಲ್ಲಿ ಇಳಿಯುತ್ತಿತ್ತು. ಆದರೆ ಕೀಲುನೋವು ಹಲವರನ್ನು ತಿಂಗಳುಗಟ್ಟಲೆ ಕಾಡಿತು. ಬೆಳಿಗ್ಗೆ ಗೋಡೆ ಹಿಡಿದು ಏಳಬೇಕು, ನೀರಿನ ಕೊಡ ಎತ್ತಲು ಬೇರೊಬ್ಬರನ್ನು ಕರೆಯಬೇಕು. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯಂತೆ, ಸೋಂಕು ಹೋದರೂ ಅದರ ಬಾಧೆ ಹೋಗಿರಲಿಲ್ಲ. ಒಂದೇ ಬೀದಿಯಲ್ಲಿ ಹತ್ತಾರು ಮಂದಿ ಕುಂಟುತ್ತಿದ್ದಾಗ, ಊದಿದ ಮಣಿಕಟ್ಟು ಕಣ್ಣಿಗೇ ಕಾಣುತ್ತಿದ್ದಾಗ, ಅದನ್ನು ಭ್ರಮೆ ಎಂದು ತಳ್ಳಿಹಾಕುವುದು ಸುಲಭವಿರಲಿಲ್ಲ.

ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲದಿದ್ದರೆ? ಕೋವಿಡ್-19 ಬಂದು ಗುಣವಾದವರಲ್ಲಿ ಒಂದು ಪಾಲು ಜನರ ಪಾಡು ಇದೇ ಆಗಿದೆ. ಎರಡು ಮಹಡಿ ಹತ್ತಿದರೆ ಮರುದಿನ ಹಾಸಿಗೆ ಹಿಡಿಯುವಷ್ಟು ನಿತ್ರಾಣ, ಓದಿದ್ದು ತಲೆಗೆ ಹತ್ತದ ಮಂಕು, ಎದ್ದು ನಿಂತೊಡನೆ ಎದೆ ಡವಗುಟ್ಟುವುದು. ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ, ಇ.ಸಿ.ಜಿ. ಎಲ್ಲವೂ ಹಲವು ವೇಳೆ ಸರಿಯಾಗಿಯೇ ಇರುತ್ತವೆ. ಸೋಂಕು ತಗುಲಿದ ಮೂರು ತಿಂಗಳ ನಂತರವೂ ಇರುವ, ಕನಿಷ್ಠ ಎರಡು ತಿಂಗಳು ಮುಂದುವರಿಯುವ, ಬೇರೆ ರೋಗದಿಂದ ವಿವರಿಸಲಾಗದ ಇಂತಹ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ವ್ಯಾಖ್ಯೆ ಕೊಟ್ಟಿತು. ಜನರ ಬಾಯಲ್ಲಿ ಅದು ಆ ವೇಳೆಗಾಗಲೇ 'ಲಾಂಗ್ ಕೋವಿಡ್' ಅಥವಾ ದೀರ್ಘ ಕೋವಿಡ್ ಆಗಿತ್ತು.

ಹೆಸರು ಹೊಸದು, ರೋಗದ ಬಗೆ ಹಳೆಯದು. ಅದರ ಹಿಂದಿನ ಒಂದು ಪ್ರಕರಣವನ್ನು ನೀವು ವಿವರವಾಗಿ ತಿಳಿದುಕೊಳ್ಳಬೇಕು. ಅದು ನಡೆದದ್ದು ಲಂಡನ್ನಿನಲ್ಲಿ, 1955ರಲ್ಲಿ.

ರಾಯಲ್ ಫ್ರೀ ಆಸ್ಪತ್ರೆಗೆ ವೈದ್ಯಕೀಯ ಚರಿತ್ರೆಯಲ್ಲಿ ಬೇರೊಂದು ಕಾರಣಕ್ಕೂ ಸ್ಥಾನವಿದೆ. ಲಂಡನ್ನಿನ ಬೋಧನಾ ಆಸ್ಪತ್ರೆಗಳ ಪೈಕಿ ಮಹಿಳೆಯರಿಗೆ ವೈದ್ಯಕೀಯ ತರಬೇತಿಗೆ ಬಾಗಿಲು ತೆರೆದ ಮೊದಲನೆಯದು ಅದು. 1955ರ ಜುಲೈ 13ರಂದು ಅಲ್ಲಿನ ಒಬ್ಬ ವೈದ್ಯರೂ ವಾರ್ಡಿನ ಒಬ್ಬ ಹಿರಿಯ ದಾದಿಯೂ ಕಾಯಿಲೆ ಬಿದ್ದರು. ತಲೆನೋವು, ಗಂಟಲುನೋವು, ಊದಿದ ದುಗ್ಧಗ್ರಂಥಿಗಳು, ತಲೆಸುತ್ತು, ಕೈಕಾಲುಗಳಲ್ಲಿ ನೋವು. ಜ್ವರ ಮಾತ್ರ ಅಷ್ಟೇನಿಲ್ಲ. ತಿಂಗಳು ಮುಗಿಯುವುದರೊಳಗೆ 70ಕ್ಕೂ ಹೆಚ್ಚು ಸಿಬ್ಬಂದಿ ಮಲಗಿದ್ದರು. ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಅಕ್ಟೋಬರಿನವರೆಗೆ ಅದು ತೆರೆಯಲಿಲ್ಲ. ನವೆಂಬರ್ 24ರ ಹೊತ್ತಿಗೆ ಲೆಕ್ಕ ಹಾಕಿದಾಗ ಸಿಬ್ಬಂದಿಯಲ್ಲಿ 292 ಮಂದಿಗೆ ಈ ಕಾಯಿಲೆ ತಗುಲಿತ್ತು. ಅವರಲ್ಲಿ 255 ಮಂದಿಯನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಗಿತ್ತು. ವಿಚಿತ್ರವೆಂದರೆ, ಆಗಲೇ ಆಸ್ಪತ್ರೆಯಲ್ಲಿದ್ದ ರೋಗಿಗಳಲ್ಲಿ ಅದು ಬಂದದ್ದು ಕೇವಲ 12 ಮಂದಿಗೆ.

ಮೊದಲು ಪೋಲಿಯೋ ಇರಬಹುದೆಂಬ ಶಂಕೆ ಬಂತು, ಅದಲ್ಲ. ಗ್ರಂಥಿ ಜ್ವರವೇ? ಅದೂ ಅಲ್ಲ. ಯಾವ ರೋಗಾಣುವೂ ಸಿಗಲಿಲ್ಲ. ಆಗಿನ್ನೂ ವೈರಾಣು ವಿಜ್ಞಾನ ಅಂಬೆಗಾಲಿಡುತ್ತಿದ್ದ ಕಾಲ ಎಂಬುದನ್ನು ಮರೆಯಬೇಡಿ. ಆದರೂ ರೋಗಿಗಳನ್ನು ಪರೀಕ್ಷಿಸಿದ ವೈದ್ಯರಿಗೆ ಅನೇಕರಲ್ಲಿ ನರಮಂಡಲ ಬಾಧಿತವಾಗಿರುವ ಚಿಹ್ನೆಗಳು ಕಂಡವು. 1956ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕೀಯವೊಂದು ಇದಕ್ಕೆ 'ಬಿನೈನ್ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್' ಎಂಬ ಹೆಸರನ್ನು ಸೂಚಿಸಿತು. ಬಾಯಲ್ಲಿ ಹೊರಳದ ಈ ಹೆಸರನ್ನು ಬಿಡಿಸಿದರೆ: ಸ್ನಾಯುನೋವಿನೊಂದಿಗೆ ಬರುವ, ಮಿದುಳು ಮತ್ತು ಮಿದುಳುಬಳ್ಳಿಯ ಉರಿಯೂತ. 'ಬಿನೈನ್' ಎಂದರೆ ಪ್ರಾಣಾಪಾಯವಿಲ್ಲದ್ದು. ಪ್ರಾಣ ಹೋಗುವುದಿಲ್ಲ ನಿಜ. ಆದರೆ ಬದುಕು ಹೋಗುತ್ತಿತ್ತು. ಆದ್ದರಿಂದ ಆ ಮೊದಲ ಪದ ಮುಂದೆ ತಾನಾಗಿಯೇ ಕಳಚಿಬಿತ್ತು. ಉಳಿದದ್ದು ಎಂ.ಇ. ಎಂಬ ಎರಡಕ್ಷರ.

ಆ ಆಸ್ಪತ್ರೆಯ ಸಾಂಕ್ರಾಮಿಕ ರೋಗಗಳ ತಜ್ಞ ಮೆಲ್ವಿನ್ ರಾಮ್ಸೆ ತಮ್ಮ ರೋಗಿಗಳನ್ನು ಅಲ್ಲಿಗೇ ಬಿಡಲಿಲ್ಲ. ವರ್ಷಗಟ್ಟಲೆ ಅವರನ್ನು ನೋಡುತ್ತ ಬಂದರು. ಅವರು ಗುರುತಿಸಿದ ಮುಖ್ಯ ಲಕ್ಷಣ ಇದು: ರೋಗಿಯ ಸ್ನಾಯು ಅಲ್ಪ ಶ್ರಮಕ್ಕೇ ದಣಿಯುತ್ತದೆ, ದಣಿದ ಸ್ನಾಯು ಮತ್ತೆ ತನ್ನ ಶಕ್ತಿಗೆ ಬರಲು ಮೂರು, ನಾಲ್ಕು, ಐದು ದಿನ ಬೇಕಾಗುತ್ತದೆ. ಆರೋಗ್ಯವಂತರ ದಣಿವು ರಾತ್ರಿಯ ನಿದ್ದೆಯಲ್ಲಿ ಕಳೆಯುತ್ತದೆ. ಇದು ಹಾಗಲ್ಲ. ಇಂದು 'ಶ್ರಮಾನಂತರದ ಕುಸಿತ' ಎಂದು ನಾವು ಕರೆಯಬಹುದಾದ ಈ ಲಕ್ಷಣವೇ ದೀರ್ಘ ಕೋವಿಡ್‌ನ ಅನೇಕ ರೋಗಿಗಳಲ್ಲಿಯೂ ಕಾಣುವುದು.

ಇನ್ನು ಕಥೆಯ ಕಹಿ ಭಾಗ. 1970ರ ಜನವರಿಯಲ್ಲಿ ಮೆಕ್‌ಎವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1955ರ ಘಟನೆ ಸೋಂಕಲ್ಲ, ಅದೊಂದು ಸಮೂಹ ಸನ್ನಿ ಎಂಬುದು ಅವರ ತೀರ್ಮಾನ. ಅವರು ಆಧರಿಸಿದ್ದು ಹಳೆಯ ಕಡತಗಳನ್ನು. ರೋಗಿಗಳನ್ನು ಅವರು ಪರೀಕ್ಷಿಸಿರಲಿಲ್ಲ. ಅವರ ಮುಖ್ಯ ವಾದಗಳಲ್ಲಿ ಒಂದು, ಗಂಡಸರಿಗಿಂತ ಹೆಂಗಸರಿಗೆ ಇದು ಹೆಚ್ಚಾಗಿ ಬಂದಿತ್ತು ಎಂಬುದು. ಇನ್ನೊಂದು, ಜ್ವರದ ಮಟ್ಟಕ್ಕೆ ಹೋಲಿಸಿದರೆ ನರಳಾಟ ವಿಪರೀತ ಎಂಬುದು.

ಈ ವಾದವನ್ನು ತರಗತಿಯಲ್ಲಿ ಚರ್ಚೆಗೆ ಇಟ್ಟರೆ ನಿಮ್ಮ ವಿದ್ಯಾರ್ಥಿಗಳೇ ಅದರ ಬಿರುಕುಗಳನ್ನು ಹುಡುಕಿಯಾರು. ಒಂದೆಡೆ ಕೆಲಸ ಮಾಡುವ, ಒಂದೇ ವಸತಿಗೃಹದಲ್ಲಿ ಉಳಿಯುವ ದಾದಿಯರಿಗೆ ಯಾವುದೇ ಸೋಂಕು ಹೆಚ್ಚು ತಗುಲುವುದು ಸಹಜವಲ್ಲವೇ? ಲೂಪಸ್ ಎಂಬ ಸ್ವನಿರೋಧಕ ರೋಗದ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ. ಅದನ್ನು ಸನ್ನಿ ಎನ್ನುತ್ತೇವೆಯೇ? ಎಲ್ಲಕ್ಕಿಂತ ಮುಖ್ಯವಾಗಿ, 'ನಮ್ಮ ಪರೀಕ್ಷೆಗೆ ಏನೂ ಸಿಗಲಿಲ್ಲ' ಎಂಬ ಮಾತಿನಿಂದ 'ಏನೂ ಇಲ್ಲ' ಎಂಬ ಮಾತಿಗೆ ಜಿಗಿಯಲು ತರ್ಕದಲ್ಲಿ ಸೇತುವೆಯೇ ಇಲ್ಲ. ಬಲೆಯ ಕಣ್ಣು ದೊಡ್ಡದಾಗಿದ್ದರೆ ಸಣ್ಣ ಮೀನು ಸಿಗುವುದಿಲ್ಲ, ಅಷ್ಟೆ. ಸ್ವಾರಸ್ಯವೆಂದರೆ, ಇದಕ್ಕೆ ಒಂದು ವರ್ಷ ಮೊದಲೇ, 1969ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದಲ್ಲಿ ಎಂ.ಇ.ಯನ್ನು ನರಮಂಡಲದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ವರ್ಗೀಕರಣದ ಸಂಪುಟ ಕಪಾಟಿನಲ್ಲಿ ಉಳಿಯಿತು, 'ಸನ್ನಿ' ಎಂಬ ಮಾತು ಊರೆಲ್ಲ ಓಡಾಡಿತು. 1988ರಲ್ಲಿ ಅಮೆರಿಕದಲ್ಲಿ ಇಂತಹ ರೋಗಿಗಳಿಗೆ ಕೊಟ್ಟ 'ಕ್ರಾನಿಕ್ ಫಟೀಗ್ ಸಿಂಡ್ರೋಮ್' ಎಂಬ ಹೆಸರೂ ಹೆಚ್ಚು ಉಪಕಾರ ಮಾಡಲಿಲ್ಲ. ಸುಸ್ತು ಯಾರಿಗಿಲ್ಲ ಹೇಳಿ?

ಸನ್ನಿ ವಾದಕ್ಕೆ ಸರಿಯಾದ ಉತ್ತರ ಬಂದದ್ದು ಆಸ್ಟ್ರೇಲಿಯದ ಡಬ್ಬೊ ಎಂಬ ಪಟ್ಟಣದಿಂದ. ಅಲ್ಲಿನ ಸಂಶೋಧಕರು ಮಾಡಿದ ಜಾಣತನ ಗಮನಿಸಿ. ದಣಿದು ಬಂದವರನ್ನು ಹಿಡಿದು ಹಿಂದಿನದನ್ನು ಕೆದಕುವ ಬದಲು, ಈಗಷ್ಟೇ ಸೋಂಕು ತಗುಲಿದವರನ್ನು ಹಿಡಿದು ಮುಂದಕ್ಕೆ ಹಿಂಬಾಲಿಸಿದರು. ಒಟ್ಟು 253 ಮಂದಿ. ಅವರಿಗೆ ತಗುಲಿದ್ದು ಮೂರು ಬೇರೆ ಬೇರೆ ಸೋಂಕು: ಗ್ರಂಥಿ ಜ್ವರದ ಎಪ್‌ಸ್ಟೈನ್-ಬಾರ್ ವೈರಸ್, ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್ (ಇದು ನಮ್ಮ ಚಿಕುನ್‌ಗುನ್ಯಾ ವೈರಸ್ಸಿನ ದಾಯಾದಿ), ಮತ್ತು ಜಾನುವಾರುಗಳಿಂದ ಬರುವ ಕ್ಯೂ ಜ್ವರದ ಬ್ಯಾಕ್ಟೀರಿಯ. ಆರು ತಿಂಗಳ ನಂತರ ಶೇ. 12ರಷ್ಟು ಜನರಲ್ಲಿ ದಣಿವು, ನೋವು, ಮಂಕು ಉಳಿದಿದ್ದವು. ಮೂರೂ ಸೋಂಕುಗಳಲ್ಲಿ ಚಿತ್ರ ಹೆಚ್ಚು ಕಡಿಮೆ ಒಂದೇ. ಯಾರು ಹೀಗೆ ಉಳಿಯುತ್ತಾರೆ ಎಂಬುದನ್ನು ಮುನ್ಸೂಚಿಸಿದ್ದು ವಯಸ್ಸಲ್ಲ, ಲಿಂಗವಲ್ಲ, ಮನಸ್ಸಿನ ಸ್ವಭಾವವೂ ಅಲ್ಲ. ಮೊದಲ ಕಾಯಿಲೆಯ ತೀವ್ರತೆ. 2006ರಲ್ಲಿ ಇದು ಪ್ರಕಟವಾದದ್ದು ಎಲ್ಲಿ ಗೊತ್ತೇ? ಅದೇ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ.

ಕೊರೊನಾ ವೈರಸ್ಸಿನ ಬಗ್ಗೆಯೇ ಒಂದು ಮುನ್ನೆಚ್ಚರಿಕೆ ಇತ್ತು. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾರ್ಸ್ ಹರಡಿದಾಗ ಸೋಂಕಿತರಾದ ಆಸ್ಪತ್ರೆ ಸಿಬ್ಬಂದಿಯಲ್ಲಿ ಕೆಲವರು ವರ್ಷಗಳಾದರೂ ಹಿಂದಿನ ಕೆಲಸಕ್ಕೆ ಮರಳಲಾಗಿರಲಿಲ್ಲ. ಅಂತಹ 22 ಮಂದಿಯ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹೆಚ್ಚಿನವರು ಅದನ್ನು ಓದಲಿಲ್ಲ.

ಹೀಗಾಗಿ 2020ರಲ್ಲಿ ರೋಗಿಗಳು ಒಂದರ್ಥದಲ್ಲಿ ಸೊನ್ನೆಯಿಂದ ಆರಂಭಿಸಬೇಕಾಯಿತು. 'ಸೌಮ್ಯ ಕೋವಿಡ್ ಎರಡು ವಾರಗಳಲ್ಲಿ ವಾಸಿ' ಎಂಬುದು ಆಗಿನ ನಂಬಿಕೆ. ವಾಸಿಯಾಗದವರಲ್ಲಿ ಇಟಲಿಯ ಪುರಾತತ್ತ್ವಜ್ಞೆ ಎಲಿಸಾ ಪೆರೆಗೊ ಒಬ್ಬರು. ಆ ವರ್ಷದ ಮೇ ತಿಂಗಳಿನಲ್ಲಿ ಟ್ವಿಟರ್‌ನಲ್ಲಿ ಅವರು ಬಳಸಿದ 'ಲಾಂಗ್ ಕೋವಿಡ್' ಎಂಬ ಜೋಡಿಪದವೇ ಇಂದು ವೈದ್ಯಕೀಯ ಪತ್ರಿಕೆಗಳಲ್ಲೂ ನಿಂತಿದೆ. ರೋಗದ ಹೆಸರನ್ನು ವೈದ್ಯರಲ್ಲ, ರೋಗಿಗಳೇ ಇಟ್ಟ ಅಪರೂಪದ ನಿದರ್ಶನವಿದು. ರೋಗಿಗಳೇ ಕಟ್ಟಿಕೊಂಡ ಸಂಶೋಧನಾ ತಂಡವೊಂದು 56 ದೇಶಗಳ 3,762 ಮಂದಿಯ ಸಮೀಕ್ಷೆ ನಡೆಸಿ 2021ರಲ್ಲಿ ಪ್ರಕಟಿಸಿತು. ಅವರಲ್ಲಿ ಶೇ. 45ರಷ್ಟು ಜನ ಕೆಲಸದ ಹೊತ್ತನ್ನು ಕಡಿಮೆ ಮಾಡಿಕೊಳ್ಳಬೇಕಾಗಿತ್ತು, ಶೇ. 22ರಷ್ಟು ಜನ ಕಾಯಿಲೆಯ ಕಾರಣದಿಂದ ಕೆಲಸದಲ್ಲೇ ಇರಲಿಲ್ಲ. ಇಷ್ಟಪಟ್ಟು ಉತ್ತರಿಸಿದವರ ಸಮೀಕ್ಷೆಯಾದ್ದರಿಂದ ಈ ಅಂಕಿಗಳನ್ನು ಕೋವಿಡ್ ಬಂದ ಎಲ್ಲರಿಗೂ ಅನ್ವಯಿಸುವಂತಿಲ್ಲ. ಆದರೆ ಕಾಯಿಲೆಯ ಸ್ವರೂಪ ಅಲ್ಲಿ ಸ್ಪಷ್ಟವಾಗಿ ಮೂಡಿತು.

ಹಳೆಯ ತಪ್ಪಿನ ಇನ್ನೊಂದು ಫಲ ಚಿಕಿತ್ಸೆಯಲ್ಲಿ ಕಾಣುತ್ತದೆ. ರೋಗವಿಲ್ಲ, ವ್ಯಾಯಾಮವಿಲ್ಲದೆ ದೇಹ ಜಡವಾಗಿದೆ ಎಂದುಕೊಂಡರೆ ಔಷಧ ಏನಾಗುತ್ತದೆ? ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುವುದು. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ 2007ರಲ್ಲಿ ಎಂ.ಇ. ರೋಗಿಗಳಿಗೆ ಇದನ್ನೇ ಸಲಹೆ ಮಾಡಿತ್ತು. ಇದರಿಂದ ಸ್ಥಿತಿ ಕೆಡುತ್ತಿದೆ ಎಂದು ರೋಗಿಗಳು ಹೇಳುತ್ತಲೇ ಇದ್ದರು. 2021ರ ಅಕ್ಟೋಬರಿನಲ್ಲಿ ಆ ಸಲಹೆಯನ್ನು ಹಿಂತೆಗೆದುಕೊಳ್ಳಲಾಯಿತು. 2024ರ ಜನವರಿಯಲ್ಲಿ ಆಮ್‌ಸ್ಟರ್‌ಡಾಮಿನ ಸಂಶೋಧಕರು ಸ್ನಾಯುವಿನ ಒಳಗೇ ಇಣುಕಿ ನೋಡಿದ್ದನ್ನು ವರದಿ ಮಾಡಿದರು. ದೀರ್ಘ ಕೋವಿಡ್‌ನ 25 ರೋಗಿಗಳು, ಹೋಲಿಕೆಗೆ 21 ಆರೋಗ್ಯವಂತರು. ಎಲ್ಲರಿಂದ ಸೈಕಲ್ ತುಳಿಸಿ, ಅದಕ್ಕೆ ಮೊದಲೂ ಆಮೇಲೂ ತೊಡೆಯ ಸ್ನಾಯುವಿನ ಸಣ್ಣ ಚೂರು ತೆಗೆದು ಪರೀಕ್ಷಿಸಿದರು. ರೋಗಿಗಳಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳ ಕಾರ್ಯ ಕುಂಠಿತವಾಗಿತ್ತು. ಶ್ರಮದ ನಂತರ ಸ್ನಾಯುತಂತುಗಳಲ್ಲಿ ಹಾನಿ ಹೆಚ್ಚಿತ್ತು. ಸಣ್ಣ ಅಧ್ಯಯನ ನಿಜ. ಆದರೂ ರಾಮ್ಸೆ ರೋಗಿಯ ಮಂಚದ ಬದಿ ಕುಳಿತು ಕಂಡದ್ದರ ಕುರುಹು ಸೂಕ್ಷ್ಮದರ್ಶಕದಡಿ ಕಾಣತೊಡಗಿತ್ತು.

ಖಚಿತ ಔಷಧವಿಲ್ಲದ ಈ ಕಾಯಿಲೆಯೊಂದಿಗೆ ದುಡಿಯುವವರು ಕಲಿತಿರುವ ಉಪಾಯ ಎಂದರೆ ಶಕ್ತಿಯನ್ನು ಸಂಬಳದಂತೆ ಎಣಿಸಿ ಖರ್ಚು ಮಾಡುವುದು. ದಣಿಯುವ ಮೊದಲೇ ಕೂರುವುದು, ಚೆನ್ನಾಗಿದೆ ಎನಿಸಿದ ದಿನವೂ ಮಿತಿ ಮೀರದಿರುವುದು. ನಿಮ್ಮ ಶಾಲೆಯಲ್ಲೇ ಇಂತಹ ಶಿಕ್ಷಕರಿದ್ದರೆ ಕುಳಿತು ಪಾಠ ಮಾಡಲು ಒಂದು ಕುರ್ಚಿ, ಎರಡು ತರಗತಿಗಳ ನಡುವೆ ಒಂದು ಬಿಡುವು, ಮಹಡಿಯ ಬದಲು ನೆಲ ಅಂತಸ್ತಿನ ಕೊಠಡಿ, ಇಷ್ಟರಿಂದಲೇ ಅವರ ಕೆಲಸ ಉಳಿಯಬಹುದು. ಇದು ದಾಕ್ಷಿಣ್ಯದ ವಿಷಯವೇ ಆಗಿರಬೇಕಿಲ್ಲ. ದೀರ್ಘ ಕೋವಿಡ್ ಅಂಗವೈಕಲ್ಯವೆಂದು ಪರಿಗಣಿತವಾಗಬಹುದು ಎಂದು ಅಮೆರಿಕದ ಸರ್ಕಾರ 2021ರ ಜುಲೈನಲ್ಲಿ ಸ್ಪಷ್ಟಪಡಿಸಿತು. 2023ರ ಮಾರ್ಚಿನಲ್ಲಿ ಬ್ರಿಟನ್ನಿನ ಅಂಕಿಅಂಶ ಕಚೇರಿಯ ಅಂದಾಜಿನಂತೆ ಆ ದೇಶದಲ್ಲಿ 19 ಲಕ್ಷ ಜನ ತಮಗೆ ದೀರ್ಘ ಕೋವಿಡ್ ಇದೆ ಎಂದು ಹೇಳಿಕೊಂಡಿದ್ದರು.

ರಾಯಲ್ ಫ್ರೀ ಆಸ್ಪತ್ರೆಯ ಆ ದಾದಿಯರು ಏನಾದರು? ಅಂಡರ್‌ಹಿಲ್ ಮತ್ತು ಬಯ್ಯೊ ಎಂಬ ಇಬ್ಬರು ವೈದ್ಯೆಯರು 1955ರಲ್ಲಿ ಅಲ್ಲಿದ್ದವರಲ್ಲಿ ಬದುಕಿ ಉಳಿದವರನ್ನು ಹುಡುಕಿ ಮಾತನಾಡಿಸಿದರು. 1970ರ ಪ್ರಬಂಧದಲ್ಲಿ ಹೇಳಿದ ಸನ್ನಿಗೂ ಇವರು ನೆನಪಿನಿಂದ ಹೇಳಿದ ಕಾಯಿಲೆಗೂ ತಾಳೆಯಾಗುವುದಿಲ್ಲ ಎಂದು ಅವರು ಬರೆದರು. ಆ ಲೇಖನ ಪ್ರಕಟವಾದದ್ದು 2020ರ ಡಿಸೆಂಬರ್ ಕೊನೆಯಲ್ಲಿ, ಘಟನೆ ನಡೆದ 65 ವರ್ಷಗಳ ಮೇಲೆ.